ಸಾಲ ಕೊಟ್ಟವರು ಎದ್ದು ಹೋದರೆ ನಷ್ಟ ಯಾರ ತಲೆಗೆ?

2015ರ ಡಿಸೆಂಬರ್ 21ರಂದು ವಿಶ್ವಬ್ಯಾಂಕ್ ಉಗಾಂಡಾದ ಸಾರಿಗೆ ಅಭಿವೃದ್ಧಿ ಯೋಜನೆಗೆ ಕೊಡುತ್ತಿದ್ದ ನೆರವನ್ನು ರದ್ದುಮಾಡಿತು. ಒಟ್ಟು 26.5 ಕೋಟಿ ಡಾಲರ್‌ನ ಯೋಜನೆ ಅದು. ದೇಶದ ಪಶ್ಚಿಮ ಭಾಗದಲ್ಲಿ ಫೋರ್ಟ್ ಪೋರ್ಟಲ್ ಊರಿನಿಂದ ಕಾಮ್ವೆಂಗೆಯವರೆಗಿನ 66 ಕಿಲೋಮೀಟರ್ ರಸ್ತೆ ಅದರ ದೊಡ್ಡ ಕಾಮಗಾರಿ. ಗುತ್ತಿಗೆ ಚೀನಾದ ಒಂದು ಕಂಪನಿಯದು. ರಸ್ತೆ ಕೆಲಸಕ್ಕೆಂದು ಬಂದ ಕಾರ್ಮಿಕರು ದಾರಿಯುದ್ದದ ಹಳ್ಳಿಗಳ ಬಾಲಕಿಯರನ್ನು ಲೈಂಗಿಕವಾಗಿ ಬಳಸಿಕೊಂಡಿದ್ದರು. ಹುಡುಗಿಯರು ಗರ್ಭಿಣಿಯರಾಗಿ ಶಾಲೆ ಬಿಟ್ಟರು. ಬಿಗೋಡಿ ಎಂಬಲ್ಲಿನ ಜನ ವಾಷಿಂಗ್ಟನ್‌ನಲ್ಲಿರುವ ಬ್ಯಾಂಕಿನ ತಪಾಸಣಾ ಸಮಿತಿಗೆ ದೂರು ಕೊಟ್ಟದ್ದು 2014ರ ಡಿಸೆಂಬರ್‌ನಲ್ಲಿ. ಹಣ ನಿಂತದ್ದು ಅದಾಗಿ ಒಂದು ವರ್ಷಕ್ಕೆ.

ರದ್ದತಿಯ ಸುದ್ದಿ ಬಂದಾಗ ಅನೇಕರು ಅದನ್ನು ಬ್ಯಾಂಕಿನ ದಿಟ್ಟತನವೆಂದು ಹೊಗಳಿದರು. ತಪ್ಪು ಕಂಡಾಗ ಹಣ ನಿಲ್ಲಿಸುವುದು ತಪ್ಪನ್ನು ಮುಚ್ಚಿಹಾಕುವುದಕ್ಕಿಂತ ಮೇಲು ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಆ ಹುಡುಗಿಯರ ಕಡೆಯಿಂದ ನೋಡಿ. ಕೈಯಲ್ಲಿ ಕೂಸು, ಬಿಟ್ಟುಹೋದ ಶಾಲೆ, ಊರಿನವರ ಮಾತು, ಮನೆಯವರ ಸಿಟ್ಟು. ತಂದೆಯಾದವನ ಹೆಸರು ಗೊತ್ತಿದ್ದರೂ ಅವನು ಯಾವ ಊರಿಗೆ, ಯಾವ ಕಾಮಗಾರಿಗೆ ಹೋದನೆಂದು ಗೊತ್ತಿಲ್ಲ. ಇದೆಲ್ಲಕ್ಕೂ ಹೊಣೆಗಾರಿಕೆ ಕೇಳಬಹುದಾಗಿದ್ದ, ಸರ್ಕಾರದ ಮೇಲೂ ಗುತ್ತಿಗೆದಾರನ ಮೇಲೂ ಒತ್ತಡ ಹಾಕುವ ಶಕ್ತಿಯಿದ್ದ ಒಂದೇ ಸಂಸ್ಥೆ ಎದ್ದು ಹೊರಟಿತ್ತು. ಆಮೇಲೆ ಬ್ಯಾಂಕ್ ಸ್ವಯಂಸೇವಾ ಸಂಸ್ಥೆಗಳ ಮೂಲಕ ಮಕ್ಕಳ ರಕ್ಷಣೆಯ ತುರ್ತು ಕಾರ್ಯಕ್ರಮವೊಂದನ್ನು ನಡೆಸಿದ್ದು ನಿಜ. ರಸ್ತೆಗೆ ಎತ್ತಿಟ್ಟ ಹಣದ ಎದುರು ಅದು ಎಷ್ಟರದು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಅಂತರರಾಷ್ಟ್ರೀಯ ಅಭಿವೃದ್ಧಿ ಯೋಜನೆಗಳ ‘ಸಾಮಾಜಿಕ ಅಪಾಯ ನಿರ್ವಹಣೆ’ಯ ಬಗ್ಗೆ ಇವತ್ತು ಸಾವಿರಾರು ಪುಟಗಳ ಕೈಪಿಡಿಗಳಿವೆ. ಅದನ್ನೇ ಕಸುಬಾಗಿಸಿಕೊಂಡ ಸಲಹಾ ಸಂಸ್ಥೆಗಳಿವೆ. ನನ್ನ ತಕರಾರು ಇಷ್ಟು: ಈ ಇಡೀ ವ್ಯವಸ್ಥೆ ಸಾಲ ಕೊಡುವವರಿಗೆ ಕೆಟ್ಟ ಹೆಸರು ಬಾರದಂತೆ, ಕಾಮಗಾರಿ ತಡವಾಗದಂತೆ ನೋಡಿಕೊಳ್ಳುವುದಕ್ಕೆ ಚೆನ್ನಾಗಿ ಒದಗುತ್ತದೆ. ಯೋಜನೆ ಹಾದುಹೋದ ಊರಿನವರಿಗೆ ಆದ ನಷ್ಟವನ್ನು ತುಂಬಿಕೊಡುವುದಕ್ಕೆ ಅದರಲ್ಲಿ ಹಣವಿಲ್ಲ, ಕಾನೂನಿನ ಬಲವಿಲ್ಲ, ಉಳಿದುಕೊಳ್ಳಲೇಬೇಕೆಂಬ ಕಟ್ಟಳೆಯೂ ಇಲ್ಲ. ಹಾನಿಯಾದಾಗ ಸಾಲ ಕೊಟ್ಟವರು ಹೊರಟುಹೋಗಬಹುದು ಎಂಬ ಸ್ಥಿತಿ ಇರುವವರೆಗೆ ಕೈಪಿಡಿ ಎಷ್ಟು ಒಳ್ಳೆಯದಿದ್ದರೂ ಅಷ್ಟೇ.

ಕಾಮ್ವೆಂಗೆಯಲ್ಲಿ ನಡೆದದ್ದು ಯಾರೂ ಊಹಿಸಲಾಗದ ಅನಾಹುತವಾಗಿರಲಿಲ್ಲ. ಬಡ ಪ್ರದೇಶಕ್ಕೆ ಹೊರಗಿನಿಂದ ನೂರಾರು ಗಂಡಾಳುಗಳು ಬಂದು ತಿಂಗಳುಗಟ್ಟಲೆ ಬೀಡುಬಿಡುತ್ತಾರೆ. ಅವರ ಜೇಬಿನಲ್ಲಿ ಕೂಲಿಯ ನಗದು ಇರುತ್ತದೆ. ಸುತ್ತಲಿನ ಮನೆಗಳಲ್ಲಿ ಇರುವುದಿಲ್ಲ. ಶಾಲೆಗೆ ಮಕ್ಕಳು ನಡೆದುಹೋಗುವ ದಾರಿಯೇ ಕಾಮಗಾರಿ ನಡೆಯುವ ಜಾಗ. ಕಾರ್ಮಿಕರಿಗೆ ಸರಿಯಾದ ವಸತಿ ಕಟ್ಟದಿದ್ದರೆ ಅವರು ಊರೊಳಗೇ ಕೋಣೆ ಬಾಡಿಗೆ ಹಿಡಿಯುತ್ತಾರೆ. ಇಷ್ಟು ಗೊತ್ತಿರುವ ಯಾರಾದರೂ ಮುಂದೇನಾಗಬಹುದೆಂದು ಹೇಳಬಲ್ಲರು. ನಮ್ಮಲ್ಲೇ ಕಾಲುವೆ ಕೆಲಸ, ರೈಲ್ವೆ ಕೆಲಸ ನಡೆದ ಊರುಗಳ ಹಿರಿಯ ಹೆಂಗಸರನ್ನು ಕೇಳಿದರೂ ಹೇಳುತ್ತಾರೆ. 2016ರಲ್ಲಿ ಬಂದ ತಪಾಸಣಾ ಸಮಿತಿಯ ವರದಿ ಹೇಳಿದ್ದೂ ಇದನ್ನೇ: ಹೊರಗಿನ ಕಾರ್ಮಿಕರು ಬಂದು ತುಂಬಿಕೊಳ್ಳುವುದರಿಂದ ಆಗುವ ತೊಂದರೆಯನ್ನು ಬ್ಯಾಂಕ್ ಸರಿಯಾಗಿ ಅಂದಾಜು ಮಾಡಿರಲಿಲ್ಲ, ಕೆಲಸದ ಮೇಲೆ ಸರಿಯಾಗಿ ನಿಗಾ ಇಟ್ಟಿರಲಿಲ್ಲ.

ಅಂದಾಜು ತಪ್ಪಿದ್ದು ಏಕೆ ಎಂಬುದಕ್ಕೆ ಉತ್ತರ ಟೆಂಡರ್ ಕಾಗದದಲ್ಲೇ ಇರುತ್ತದೆ. ರಸ್ತೆ ಟೆಂಡರಿನ ಅಂದಾಜುಪಟ್ಟಿಯಲ್ಲಿ ಜಲ್ಲಿಗೆ ಘನಮೀಟರ್ ಲೆಕ್ಕ, ಡಾಂಬರಿಗೆ ಟನ್ ಲೆಕ್ಕ, ಮೋರಿಗೆ ಸಂಖ್ಯೆಯ ಲೆಕ್ಕ ಇರುತ್ತದೆ. ಒಂದು ಮೋರಿ ಕಡಿಮೆಯಾದರೆ ಬಿಲ್ ತಡೆಹಿಡಿಯುತ್ತಾರೆ. ಕಾರ್ಮಿಕರ ವಸತಿ, ಹಳ್ಳಿಯವರ ದೂರು ಕೇಳುವ ಸಿಬ್ಬಂದಿ, ಹೆಣ್ಣುಮಕ್ಕಳ ರಕ್ಷಣೆ, ಇವೆಲ್ಲ ಕೊನೆಯಲ್ಲಿ ಒಂದೇ ಸಾಲಿನ ಇಡಿಗಂಟಿನ ಮೊತ್ತವಾಗಿ ಸೇರಿಕೊಳ್ಳುತ್ತವೆ, ಅಥವಾ ‘ಗುತ್ತಿಗೆದಾರರು ಸ್ಥಳೀಯ ಕಾನೂನು ಪಾಲಿಸತಕ್ಕದ್ದು’ ಎಂಬ ಷರತ್ತಿನಲ್ಲಿ ಕರಗಿಹೋಗುತ್ತವೆ. ಎಲ್ಲರಿಗಿಂತ ಕಡಿಮೆ ದರ ಕೂಗಿದವನಿಗೆ ಕೆಲಸ ಸಿಗುವುದಾದರೆ, ಒಳ್ಳೆಯ ಕಾರ್ಮಿಕ ಶಿಬಿರ ಕಟ್ಟುವ ಲೆಕ್ಕ ಸೇರಿಸಿದವನು ಸೋಲುತ್ತಾನೆ. ಇದನ್ನು ಸಮಾಜಶಾಸ್ತ್ರಜ್ಞರ ವರದಿಯಿಂದ ಸರಿಪಡಿಸಲಾಗದು, ಟೆಂಡರಿನಲ್ಲೇ ಸರಿಪಡಿಸಬೇಕು.

ಬ್ಯಾಂಕ್ ಏನೂ ಕಲಿಯಲಿಲ್ಲ ಎಂದರೆ ತಪ್ಪಾಗುತ್ತದೆ. 2016ರ ಆಗಸ್ಟ್‌ನಲ್ಲಿ ಅದು ಹೊಸ ಪರಿಸರ ಮತ್ತು ಸಾಮಾಜಿಕ ಚೌಕಟ್ಟಿಗೆ ಒಪ್ಪಿಗೆ ಕೊಟ್ಟಿತು. 2018ರ ಅಕ್ಟೋಬರ್ 1ರಿಂದ ಅದು ಜಾರಿಯಲ್ಲಿದೆ. ಅದರಲ್ಲಿ ಹತ್ತು ಮಾನದಂಡಗಳಿವೆ. ಕಾರ್ಮಿಕರ ಸ್ಥಿತಿಗತಿ, ಸಮುದಾಯದ ಆರೋಗ್ಯ ಮತ್ತು ಸುರಕ್ಷತೆ, ಜನರೊಡನೆ ಸಮಾಲೋಚನೆ ಎಲ್ಲಕ್ಕೂ ಒಂದೊಂದು. ಲೈಂಗಿಕ ಶೋಷಣೆ ತಡೆಯುವ ಕಟ್ಟಳೆ ಮೀರಿದ ಗುತ್ತಿಗೆದಾರರಿಗೆ ಎರಡು ವರ್ಷ ಬ್ಯಾಂಕಿನ ಹಣದ ಕಾಮಗಾರಿ ಸಿಗದಂತೆ ಮಾಡುವ ನಿಯಮ 2021ರಲ್ಲಿ ಬಂತು. ಇವೆಲ್ಲ ಬೇಕಾಗಿದ್ದವೇ, ಬಂದದ್ದು ಒಳ್ಳೆಯದೇ ಆಯಿತು. ಬಿಗೋಡಿಯ ಜನ ದೂರು ಕೊಡದಿದ್ದರೆ ಇವು ಇಷ್ಟು ಬೇಗ ಬರುತ್ತಲೂ ಇರಲಿಲ್ಲ.

ಆದರೂ ಗಮನಿಸಿ. ಹೊಸ ಚೌಕಟ್ಟಿನಲ್ಲಿ ಅಪಾಯವನ್ನು ಅಂದಾಜು ಮಾಡುವ ಕೆಲಸ ಸಾಲ ಪಡೆಯುವ ಸರ್ಕಾರದ್ದು. ಸರ್ಕಾರ ಅದಕ್ಕೆ ಸಲಹೆಗಾರರನ್ನು ನೇಮಿಸುತ್ತದೆ. ಯೋಜನೆ ಬೇಕೆನ್ನುವವರೇ ಸಂಬಳ ಕೊಟ್ಟು ಯೋಜನೆಯ ಕೆಡಕುಗಳ ಪಟ್ಟಿ ಮಾಡಿಸುವುದೆಂದರೆ, ಆ ಪಟ್ಟಿ ಎಷ್ಟು ಉದ್ದವಿರಬೇಕೆಂಬುದು ಮೊದಲೇ ಗೊತ್ತಿದ್ದಂತೆ. ಇನ್ನು ಶಿಕ್ಷೆಯ ವಿಷಯ. ಗುತ್ತಿಗೆದಾರ ಎರಡು ವರ್ಷ ಬೇರೆ ಹಣದ ಕಾಮಗಾರಿ ಹುಡುಕಿಕೊಳ್ಳುತ್ತಾನೆ. ಆ ಹುಡುಗಿಗೆ ಜೀವನಾಂಶ ಕೊಡುವವರು ಯಾರು, ಅವಳನ್ನು ಶಾಲೆಗೆ ಮರಳಿ ಸೇರಿಸುವ ವೆಚ್ಚ ಯಾರದು ಎಂಬುದು ಆ ನಿಯಮದಲ್ಲಿ ಇಲ್ಲ.

ಕಾಮ್ವೆಂಗೆಯ ಪಾಠವನ್ನು ಪೂರ್ತಿ ಕಲಿತಿದ್ದರೆ ತಾಂಜಾನಿಯಾದಲ್ಲಿ ಅದೇ ಕಥೆ ಮರುಕಳಿಸಬಾರದಿತ್ತು. ಅಲ್ಲಿನ ದಕ್ಷಿಣ ಭಾಗದಲ್ಲಿ ಪ್ರವಾಸೋದ್ಯಮ ಬೆಳೆಸಲೆಂದು 2017ರಲ್ಲಿ ಬ್ಯಾಂಕ್ 15 ಕೋಟಿ ಡಾಲರ್‌ನ ಯೋಜನೆಗೆ ಒಪ್ಪಿಗೆ ಕೊಟ್ಟಿತು. ರುವಾಹಾ ರಾಷ್ಟ್ರೀಯ ಉದ್ಯಾನದ ಅಂಚಿನ ದನಗಾಹಿಗಳು, ರೈತರು 2023ರಲ್ಲಿ ತಪಾಸಣಾ ಸಮಿತಿಯ ಬಾಗಿಲಿಗೆ ಹೋದರು. ಅರಣ್ಯ ಕಾವಲುಗಾರರ ಹಿಂಸೆ, ದನಕರುಗಳ ಜಪ್ತಿ, ಒಕ್ಕಲೆಬ್ಬಿಸುವ ಬೆದರಿಕೆ ಅವರ ದೂರು. 2024ರ ಏಪ್ರಿಲ್‌ನಲ್ಲಿ ಬ್ಯಾಂಕ್ ಹಣ ತಡೆಹಿಡಿಯಿತು, ನವೆಂಬರ್‌ನಲ್ಲಿ ಯೋಜನೆಯೇ ರದ್ದಾಯಿತು. ಉಗಾಂಡಾದಲ್ಲಿ ನಡೆದ ಅದೇ ಕ್ರಮ: ದೂರು, ವಿಳಂಬ, ತಡೆ, ನಿರ್ಗಮನ.

ಹಣ ಹಿಂತೆಗೆದುಕೊಳ್ಳುವುದರಿಂದ ಏನಾಗುತ್ತದೆಂದು ಜಗತ್ತಿಗೆ ಮೊದಲು ತೋರಿಸಿಕೊಟ್ಟದ್ದು ನಮ್ಮ ನರ್ಮದೆ. ಸರ್ದಾರ್ ಸರೋವರ ಅಣೆಕಟ್ಟಿಗೆ ವಿಶ್ವಬ್ಯಾಂಕ್ 1985ರಲ್ಲಿ 45 ಕೋಟಿ ಡಾಲರ್ ಸಾಲ ಮಂಜೂರು ಮಾಡಿತು. ಆಗ ಎಷ್ಟು ಜನ ಮುಳುಗಡೆಯಾಗುತ್ತಾರೆ, ಅವರಿಗೆ ಎಲ್ಲಿ ನೆಲೆ ಎಂಬ ಸರಿಯಾದ ಲೆಕ್ಕವೇ ಇರಲಿಲ್ಲ. ಮೇಧಾ ಪಾಟ್ಕರ್ ಮತ್ತು ಕಣಿವೆಯ ಆದಿವಾಸಿಗಳು, ರೈತರು ವರ್ಷಗಟ್ಟಲೆ ಹೋರಾಡಿದ ಮೇಲೆ ಬ್ಯಾಂಕ್ ಬ್ರಾಡ್‌ಫೋರ್ಡ್ ಮೋರ್ಸ್ ನೇತೃತ್ವದಲ್ಲಿ ಸ್ವತಂತ್ರ ಪರಿಶೀಲನೆಗೆ ಒಪ್ಪಿತು. 1992ರ ಜೂನ್‌ನಲ್ಲಿ ಬಂದ ಆ ವರದಿ, ಈಗಿನ ಸ್ಥಿತಿಯಲ್ಲಿ ನ್ಯಾಯವಾದ ಪುನರ್ವಸತಿ ಸಾಧ್ಯವಿಲ್ಲ, ಬ್ಯಾಂಕ್ ಹಿಂದೆ ಸರಿದು ಮತ್ತೆ ಯೋಚಿಸಬೇಕು ಎಂದಿತು. ಬ್ಯಾಂಕ್ ಕೂಡಲೇ ಹಿಂದೆ ಸರಿಯದೆ ಷರತ್ತುಗಳನ್ನು ಹಾಕಿತು. 1993ರ ಮಾರ್ಚ್ ಕೊನೆಗೆ, ಷರತ್ತು ಪೂರೈಸುವ ಗಡುವು ಬಂದಾಗ, ಭಾರತ ಸರ್ಕಾರ ಉಳಿದ ಸಾಲ ಬೇಡವೆಂದಿತು. ಅಣೆಕಟ್ಟು ನಮ್ಮದೇ ಹಣದಲ್ಲಿ ಏರಿತು.

ಅದೇ 1993ರ ಸೆಪ್ಟೆಂಬರ್‌ನಲ್ಲಿ ಬ್ಯಾಂಕ್ ತಪಾಸಣಾ ಸಮಿತಿಯನ್ನು ಸ್ಥಾಪಿಸಿತು. ಬಿಗೋಡಿಯವರು, ರುವಾಹಾದವರು ಬಾಗಿಲು ತಟ್ಟಿದ ಸಮಿತಿ ಇದೇ. ನರ್ಮದಾ ಕಣಿವೆಯ ಜನ ಹೋರಾಡಿ ಜಗತ್ತಿನ ಎಲ್ಲ ಯೋಜನಾ ಸಂತ್ರಸ್ತರಿಗೂ ಒಂದು ಬಾಗಿಲು ತೆರೆಸಿದರು. ಅದು ತೆರೆಯುವ ಹೊತ್ತಿಗೆ ಅವರ ಸಾಲವೇ ಮುಗಿದಿದ್ದರಿಂದ ಸರ್ದಾರ್ ಸರೋವರದ ಬಗ್ಗೆ ಅವರು ಅದರ ಮುಂದೆ ನಿಲ್ಲುವಂತಿರಲಿಲ್ಲ. ಈ ಸಂಗತಿ ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಇಲ್ಲಿ ಒಂದು ವಾದವನ್ನು ಎದುರಿಸಲೇಬೇಕು. ಅದನ್ನು ಹೇಳುವವರಲ್ಲಿ ಪ್ರಾಮಾಣಿಕರೂ ಇದ್ದಾರೆ. ಯೋಜನೆ ಸಾರ್ವಭೌಮ ಸರ್ಕಾರದ್ದು, ಪೊಲೀಸು, ಕಂದಾಯ, ನ್ಯಾಯಾಲಯ ಎಲ್ಲ ಅದರ ಕೈಯಲ್ಲಿವೆ, ಸಾಲ ಕೊಟ್ಟ ಬ್ಯಾಂಕನ್ನು ಹೊಣೆ ಮಾಡುವುದು ಹೇಗೆ ಎನ್ನುತ್ತಾರೆ ಅವರು. ಷರತ್ತು ಬಿಗಿಯಾದಷ್ಟೂ ಸರ್ಕಾರಗಳು ಷರತ್ತಿಲ್ಲದ ಸಾಲದ ಕಡೆ, ಅಂದರೆ ಚೀನಾದ ಬ್ಯಾಂಕುಗಳ ಕಡೆ ತಿರುಗುತ್ತವೆ, ಆಗ ಇರುವ ರಕ್ಷಣೆಯೂ ಹೋಗುತ್ತದೆ ಎಂದೂ ಹೇಳುತ್ತಾರೆ. ಎರಡನೆಯ ಮಾತಿನಲ್ಲಿ ತೂಕವಿದೆ, ಅದಕ್ಕೆ ಆಮೇಲೆ ಬರುತ್ತೇನೆ. ಮೊದಲನೆಯ ಮಾತನ್ನು ನಾನು ಒಪ್ಪುವುದಿಲ್ಲ. ರೈತ ಸಾಲ ಕೇಳಲು ಹೋದರೆ ಬ್ಯಾಂಕಿನವರು ಪಹಣಿ, ಜಾಮೀನು, ಬೆಳೆ ಎಲ್ಲ ನೋಡುತ್ತಾರೆ. ಹಣ ಎಲ್ಲಿ ಖರ್ಚಾಯಿತೆಂದು ಹೊಲಕ್ಕೇ ಬಂದು ನೋಡುತ್ತಾರೆ. ವಿಶ್ವಬ್ಯಾಂಕ್ ಇದಕ್ಕಿಂತ ನೂರು ಪಟ್ಟು ಹೆಚ್ಚು ನೋಡುತ್ತದೆ. ವಿನ್ಯಾಸದಲ್ಲಿ ಕೈಯಾಡಿಸುತ್ತದೆ, ಟೆಂಡರಿಗೆ ಒಪ್ಪಿಗೆ ಕೊಡುತ್ತದೆ, ಆರು ತಿಂಗಳಿಗೊಮ್ಮೆ ತಂಡ ಕಳಿಸುತ್ತದೆ. ಇಷ್ಟರಲ್ಲೆಲ್ಲ ಪಾಲುದಾರನಾದವನು ಹಾನಿಯಾದ ದಿನ ಬರೀ ಹಣ ಕೊಟ್ಟವನಾಗಿ ಉಳಿಯಲಾಗದು.

ಈ ಪ್ರಶ್ನೆ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋದದ್ದು ಗುಜರಾತಿನ ಮುಂದ್ರಾದ ಮೀನುಗಾರರಿಂದ. ಕಚ್ಛ್ ಕರಾವಳಿಯ ಮುಂದ್ರಾದಲ್ಲಿ ಟಾಟಾ ಕಂಪನಿಯ 4,000 ಮೆಗಾವ್ಯಾಟ್ ಕಲ್ಲಿದ್ದಲು ವಿದ್ಯುತ್ ಸ್ಥಾವರಕ್ಕೆ ವಿಶ್ವಬ್ಯಾಂಕ್ ಸಮೂಹದ ಇಂಟರ್‌ನ್ಯಾಷನಲ್ ಫೈನಾನ್ಸ್ ಕಾರ್ಪೊರೇಷನ್, ಅಂದರೆ ಐಎಫ್‌ಸಿ, 2008ರಲ್ಲಿ 45 ಕೋಟಿ ಡಾಲರ್ ಸಾಲ ಕೊಟ್ಟಿತು. ಅಲ್ಲಿನ ಮೀನುಗಾರ ಕುಟುಂಬಗಳು ವರ್ಷದ ಎಂಟೊಂಬತ್ತು ತಿಂಗಳು ಸಮುದ್ರದ ದಂಡೆಯ ಬಂದರುಗಳಲ್ಲಿ ತಾತ್ಕಾಲಿಕ ಗುಡಿಸಲು ಹಾಕಿಕೊಂಡು ಮೀನು ಹಿಡಿಯುತ್ತವೆ, ಮಳೆಗಾಲಕ್ಕೆ ಊರಿಗೆ ಮರಳುತ್ತವೆ. ದಂಡೆಯ ಜಾಗಕ್ಕೆ ಅವರ ಹೆಸರಿನ ಕಾಗದವಿಲ್ಲ. ಸ್ಥಾವರವನ್ನು ತಂಪಾಗಿಸಿದ ಬಿಸಿನೀರು ಕಾಲುವೆಯಲ್ಲಿ ಹರಿದು ಸಮುದ್ರ ಸೇರುತ್ತದೆ. ದಡಕ್ಕೆ ಹತ್ತಿರವಿದ್ದ ಮೀನು ಹೋಯಿತು, ಒಣಗಲು ಹರಡಿದ ಮೀನಿನ ಮೇಲೆ ಕಲ್ಲಿದ್ದಲ ಧೂಳು ಕೂರುತ್ತದೆ, ಬಾವಿ ನೀರು ಉಪ್ಪಾಯಿತು ಎಂಬುದು ಅವರ ದೂರು. 2011ರಲ್ಲಿ ಅವರು ಐಎಫ್‌ಸಿಯ ದೂರು ವಿಭಾಗಕ್ಕೆ ಹೋದರು. 2013ರ ಪರಿಶೋಧನಾ ವರದಿ ಅವರ ಪರ ಮಾತಾಡಿತು: ಋತುಮಾನಕ್ಕೆ ದಂಡೆಗೆ ಬರುವ ಈ ಮೀನುಗಾರರನ್ನು ಐಎಫ್‌ಸಿ ಯೋಜನೆಯ ಸಂತ್ರಸ್ತರೆಂದು ಗಣನೆಗೇ ತೆಗೆದುಕೊಂಡಿರಲಿಲ್ಲ. ಐಎಫ್‌ಸಿ ಆ ವರದಿಯ ಬಹುಪಾಲನ್ನು ಒಪ್ಪಲಿಲ್ಲ. ಸ್ವಂತ ದೂರು ವಿಭಾಗ ಹೇಳಿದ್ದನ್ನೇ ಸಂಸ್ಥೆ ತಳ್ಳಿಹಾಕಬಹುದಾದರೆ ಅಂಥ ವಿಭಾಗಕ್ಕೆ ಊರಿನವರು ತಮ್ಮ ವರ್ಷಗಳನ್ನು ಏಕೆ ಕೊಡಬೇಕು?

2015ರಲ್ಲಿ ಮೀನುಗಾರರು ವಾಷಿಂಗ್ಟನ್‌ನ ಫೆಡರಲ್ ನ್ಯಾಯಾಲಯದಲ್ಲಿ ಮೊಕದ್ದಮೆ ಹೂಡಿದರು. ಅಂತರರಾಷ್ಟ್ರೀಯ ಸಂಸ್ಥೆಗಳಿಗೆ ರಕ್ಷಣೆ ಕೊಡುವ 1945ರ ಅಮೆರಿಕನ್ ಕಾನೂನಿನ ಪ್ರಕಾರ ತನ್ನ ಮೇಲೆ ಯಾರೂ ದಾವೆ ಹೂಡುವಂತಿಲ್ಲ ಎಂದಿತು ಐಎಫ್‌ಸಿ. 2019ರ ಫೆಬ್ರುವರಿ 27ರಂದು ಸುಪ್ರೀಂ ಕೋರ್ಟು ಏಳಕ್ಕೆ ಒಂದರ ಬಹುಮತದಿಂದ, ಆ ರಕ್ಷಣೆ ಪೂರ್ಣವಲ್ಲ ಎಂದು ತೀರ್ಪು ಕೊಟ್ಟಿತು. ಬರೆದವರು ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್. ಕಚ್ಛದ ದಂಡೆಯ ಜನ ಜಗತ್ತಿನ ದೊಡ್ಡ ಅಭಿವೃದ್ಧಿ ಸಂಸ್ಥೆಯೊಂದರ ಎದುರು ಗೆದ್ದ ದಿನ ಅದು. ಆದರೆ ಮರುವರ್ಷವೇ ಕೆಳಗಿನ ನ್ಯಾಯಾಲಯ, ದೂರಿನ ಮೂಲ ಘಟನೆಗಳು ನಡೆದದ್ದು ಅಮೆರಿಕದಲ್ಲಲ್ಲ, ಭಾರತದಲ್ಲಿ ಎಂಬ ಕಾರಣಕ್ಕೆ ಮೊಕದ್ದಮೆಯನ್ನು ವಜಾ ಮಾಡಿತು. 2021ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು, 2022ರಲ್ಲಿ ಸುಪ್ರೀಂ ಕೋರ್ಟು ಮತ್ತೆ ಕೇಳಲು ಒಪ್ಪಲಿಲ್ಲ. ಸಾಲದ ನಿರ್ಧಾರ ವಾಷಿಂಗ್ಟನ್‌ನಲ್ಲಿ ಆಗಿತ್ತು, ಹಾನಿ ಮುಂದ್ರಾದಲ್ಲಿ ಆಯಿತು. ನಿರ್ಧಾರ ಒಂದು ದೇಶದಲ್ಲಿ, ಹಾನಿ ಇನ್ನೊಂದರಲ್ಲಿ ಆಗುವುದೇ ಅಂತರರಾಷ್ಟ್ರೀಯ ಸಾಲದ ಸ್ವಭಾವ. ಅದನ್ನೇ ವಜಾಕ್ಕೆ ಕಾರಣ ಮಾಡಿದರೆ ಯಾವ ದೇಶದ ಸಂತ್ರಸ್ತರಿಗೂ ಆ ನ್ಯಾಯಾಲಯದಲ್ಲಿ ಜಾಗ ಸಿಗದು.

ಉಳಿದುಕೊಂಡರೆ, ಬಿಗಿಪಟ್ಟು ಹಿಡಿದರೆ ಆಗುವುದೇನು ಎಂಬುದಕ್ಕೂ ಒಂದು ಉದಾಹರಣೆಯಿದೆ. ಕಾಂಬೋಡಿಯಾದ ರಾಜಧಾನಿ ನಾಮ್‌ಪೆನ್‌ನ ಬೋಯೆಂಗ್ ಕಾಕ್ ಕೆರೆಯ ದಂಡೆಯ ಸಾವಿರಾರು ಕುಟುಂಬಗಳಿಗೆ ಬ್ಯಾಂಕಿನ ಹಣದ ಭೂದಾಖಲೆ ಯೋಜನೆಯಲ್ಲಿ ಹಕ್ಕುಪತ್ರ ಸಿಗಬೇಕಿತ್ತು, ಸಿಗಲಿಲ್ಲ. ಸರ್ಕಾರ ಕೆರೆಯನ್ನು ಖಾಸಗಿಯವರಿಗೆ ಗುತ್ತಿಗೆ ಕೊಟ್ಟಿತು, ಕೆರೆ ತುಂಬಿಸಿ ಜನರನ್ನು ಎಬ್ಬಿಸಿದರು. ತಪಾಸಣಾ ಸಮಿತಿ ಬ್ಯಾಂಕಿನ ತಪ್ಪನ್ನು ಎತ್ತಿ ತೋರಿಸಿತು. 2011ರಲ್ಲಿ ಬ್ಯಾಂಕ್, ಈ ಜನರ ಜೊತೆ ಒಪ್ಪಂದವಾಗುವವರೆಗೆ ಕಾಂಬೋಡಿಯಾಕ್ಕೆ ಹೊಸ ಸಾಲವೇ ಇಲ್ಲ ಎಂದು ಬಹಿರಂಗವಾಗಿ ಹೇಳಿತು. ಆ ಸುದ್ದಿ ಹೊರಬಿದ್ದ ಕೆಲವೇ ದಿನಗಳಲ್ಲಿ ಸರ್ಕಾರ ಅಲ್ಲಿ ಉಳಿದಿದ್ದ ಕುಟುಂಬಗಳಿಗೆಂದು 12.44 ಹೆಕ್ಟೇರ್ ಬಿಟ್ಟುಕೊಟ್ಟಿತು. ಅದಾಗಲೇ ಎದ್ದುಹೋಗಿದ್ದವರಿಗೆ ಅದು ದಕ್ಕಲಿಲ್ಲ, ಆ ಹೋರಾಟದ ಹೆಣ್ಣುಮಕ್ಕಳು ಆಮೇಲೂ ಜೈಲು ಕಂಡರು. ಆದರೂ ಸಾಲದ ಒತ್ತಡವನ್ನು ಜನರ ಪರವಾಗಿ ಬಳಸಿದಾಗ ಸರ್ಕಾರ ಬಗ್ಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ. ಸಾರ್ವಭೌಮತೆಯ ಹೆಸರು ಹೇಳಿ ಕೈಕಟ್ಟಿ ಕೂರುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಕರ್ನಾಟಕಕ್ಕೂ ಈ ಅನುಭವ ಹೊಸದಲ್ಲ. ಕೃಷ್ಣಾ ಮೇಲ್ದಂಡೆ ಯೋಜನೆಗೆ ವಿಶ್ವಬ್ಯಾಂಕ್ 1978ರಲ್ಲಿ, ಮತ್ತೆ 1989ರಲ್ಲಿ ಸಾಲ ಕೊಟ್ಟಿತ್ತು. ನಾರಾಯಣಪುರ, ಆಲಮಟ್ಟಿ ಜಲಾಶಯಗಳ ಹಿನ್ನೀರಿನಲ್ಲಿ ಊರಿಗೆ ಊರೇ ಮುಳುಗಿದವು, ಬಾಗಲಕೋಟೆಯ ಹಳೆಯ ಪೇಟೆಯ ಭಾಗಗಳು ನೀರಿಗೆ ಹೋಗಿ ನವನಗರ ಎದ್ದಿತು. ಪುನರ್ವಸತಿ ಹಿಂದೆ ಬಿದ್ದಿದೆಯೆಂದು 1990ರ ದಶಕದಲ್ಲಿ ಬ್ಯಾಂಕ್ ಹಣ ತಡೆಹಿಡಿದಾಗಲೇ ಇಲ್ಲಿ ಪುನರ್ವಸತಿಯ ಕಡತಗಳು ಚುರುಕಾಗಿ ಓಡಾಡತೊಡಗಿದ್ದು.

ವಿಶ್ವಬ್ಯಾಂಕಿನಲ್ಲಿ ದುಡಿದ ಸಮಾಜಶಾಸ್ತ್ರಜ್ಞ ಮೈಕೆಲ್ ಚೆರ್ನಿಯಾ, ಸ್ಥಳಾಂತರಗೊಂಡವರು ಬಡವರಾಗುವ ಎಂಟು ದಾರಿಗಳನ್ನು ಗುರುತಿಸಿದ್ದರು. ಜಮೀನು, ಕೆಲಸ, ಮನೆ ಹೋಗುವುದು ಅದರಲ್ಲಿ ಮೂರು. ಮಾನ ಮರ್ಯಾದೆ ಕಳೆದು ಅಂಚಿಗೆ ಸರಿಯುವುದು, ಹೊಟ್ಟೆಗೆ ಸಾಲದಾಗುವುದು, ಕಾಯಿಲೆ ಸಾವು ಹೆಚ್ಚುವುದು, ಗೋಮಾಳ, ನದಿ, ಕಾಡಿನಂಥ ಎಲ್ಲರ ಆಸ್ತಿ ಕೈತಪ್ಪುವುದು, ನೆಂಟಸ್ತಿಕೆ ನೆರೆಹೊರೆ ಚದುರಿಹೋಗುವುದು ಉಳಿದವು. ಕೃಷ್ಣೆಯ ದಂಡೆಯಲ್ಲಿ ಈ ಎಂಟಕ್ಕೂ ಮುಖಗಳಿವೆ. ಹೊಲ ಇದ್ದವರಿಗೆ ಪರಿಹಾರದ ಚೆಕ್ ಬಂತು. ಕೋರ್ಟಿಗೆ ಹೋದವರಿಗೆ ಹೆಚ್ಚಿನ ಪರಿಹಾರವೂ ಬಂತು, ತಡವಾಗಿ. ನದಿ ಇಳಿದಾಗ ಮರಳಿನ ಪಾತ್ರದಲ್ಲಿ ಕಲ್ಲಂಗಡಿ, ಸೌತೆ ಬೆಳೆಯುತ್ತಿದ್ದವರಿಗೆ, ದಂಡೆಯ ಜೇಡಿಮಣ್ಣಿನಿಂದ ಗಡಿಗೆ ಮಾಡುತ್ತಿದ್ದ ಕುಂಬಾರರಿಗೆ, ಹರಿಗೋಲು ಹಾಕುತ್ತಿದ್ದ ಅಂಬಿಗರಿಗೆ, ಇನ್ನೊಬ್ಬರ ಹೊಲದಲ್ಲಿ ಕೂಲಿ ಮಾಡುತ್ತಿದ್ದ ಹೆಂಗಸರಿಗೆ ಪಹಣಿ ಎಲ್ಲಿಂದ ಬರಬೇಕು? ಪುನರ್ವಸತಿ ಕೇಂದ್ರದಲ್ಲಿ ಒಂದು ನಿವೇಶನ ಸಿಕ್ಕಿದವರಿಗೂ ನಿವೇಶನ ಊಟ ಹಾಕುವುದಿಲ್ಲ. ಮುಂದ್ರಾದ ಮೀನುಗಾರರು ಪಟ್ಟಿಯಲ್ಲಿ ಇಲ್ಲದೆ ಹೋದದ್ದೂ ಇವರು ಇಲ್ಲದೆ ಹೋದದ್ದೂ ಒಂದೇ ಕಾರಣಕ್ಕೆ. ಗಣತಿಯವರು ಕಾಗದ ಹುಡುಕುತ್ತಾರೆ, ಬದುಕು ಕಾಗದದಲ್ಲಿ ಇರುವುದಿಲ್ಲ.

ಈಗ ಆಲಮಟ್ಟಿಯ ಎತ್ತರವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಮೂರನೇ ಹಂತದ ಮಾತು ನಡೆದಿದೆ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಮುಳುಗಡೆ ಜಮೀನಿಗೆ ಎಕರೆಗೆ ನೀರಾವರಿಯಾದರೆ 40 ಲಕ್ಷ, ಒಣಬೇಸಾಯದ್ದಾದರೆ 30 ಲಕ್ಷ ರೂಪಾಯಿ ದರ ಗೊತ್ತುಮಾಡಿತು. ರೈತರು ಹೋರಾಡಿ ಪಡೆದ ದರ, ನ್ಯಾಯವಾದದ್ದೇ. ಎಕರೆ ಇಲ್ಲದವರ ದರದ ಬಗ್ಗೆ ಅಷ್ಟೇ ಗಟ್ಟಿಯಾದ ಚರ್ಚೆಯನ್ನು ನಾನು ಕೇಳಿಲ್ಲ.

ಇನ್ನು ಆ ಎರಡನೆಯ ವಾದ, ಷರತ್ತಿಲ್ಲದ ಸಾಲದ ಭಯ. ನರ್ಮದೆಯ ಕಥೆಯೇ ಆ ಭಯ ನಿಜವೆಂದು ತೋರಿಸುತ್ತದೆ: ಬ್ಯಾಂಕ್ ಹೋದ ಮೇಲೆ ಅಣೆಕಟ್ಟೇನೂ ನಿಲ್ಲಲಿಲ್ಲ. ಹಾಗೆಂದು ಷರತ್ತು ಸಡಿಲಿಸುವುದು ಉತ್ತರವಾಗದು. ಸರ್ಕಾರಗಳಿಗೆ ಬೇಜಾರು ತರಿಸುವುದು ಕೊನೆಯಿಲ್ಲದ ವರದಿ, ಮರುವರದಿ, ಪರಿಶೀಲನಾ ತಂಡಗಳ ಸಾಲು. ಅವನ್ನು ಕಡಿಮೆ ಮಾಡಲಿ, ನನ್ನ ಅಡ್ಡಿಯಿಲ್ಲ. ಅದರ ಬದಲು ಪ್ರತಿ ಯೋಜನೆಯ ಮೊತ್ತದಲ್ಲಿ ಒಂದು ಪಾಲನ್ನು ಮೊದಲ ದಿನವೇ ಪ್ರತ್ಯೇಕ ಖಾತೆಯಲ್ಲಿ ಇಡಲಿ. ಹಾನಿಯಾದರೆ ಆ ಹಣ ನೇರವಾಗಿ ನೊಂದವರಿಗೆ ಹೋಗಬೇಕು. ಯೋಜನೆ ರದ್ದಾದರೂ, ಸಾಲ ತೀರಿದರೂ ಆ ಖಾತೆ ಮುಚ್ಚುವಂತಿರಬಾರದು. ಇದು ಹೊರಗಿನ ಚಳವಳಿಗಾರರ ಕನಸೇನೂ ಅಲ್ಲ. ಐಎಫ್‌ಸಿಯ ಹಿಂದಿನ ಮುಖ್ಯಸ್ಥ ಪೀಟರ್ ವೋಯ್ಕೆ ನೇತೃತ್ವದ ತಂಡವೇ 2020ರ ತನ್ನ ಪರಿಶೀಲನಾ ವರದಿಯಲ್ಲಿ, ಹಾನಿಗೆ ಕಾರಣವಾದಾಗ ಸಂಸ್ಥೆಯೂ ಪರಿಹಾರಕ್ಕೆ ಕೈಜೋಡಿಸಬೇಕು, ಅದಕ್ಕೆ ಮೊದಲೇ ಹಣದ ವ್ಯವಸ್ಥೆ ಇರಬೇಕು ಎಂಬ ಅರ್ಥದ ಶಿಫಾರಸು ಮಾಡಿತ್ತು. ಗುತ್ತಿಗೆದಾರನಿಂದ ಕಾಮಗಾರಿಗೆ ಭದ್ರತಾ ಠೇವಣಿ ಕಟ್ಟಿಸಿಕೊಳ್ಳುವ ಸಂಸ್ಥೆಗಳಿಗೆ ಜನರಿಗಾಗಿ ಠೇವಣಿ ಇಡುವುದು ಕಷ್ಟವಾಗಬಾರದು.

ದೂರು ಕೊಡುವ ದಾರಿಯೂ ಬದಲಾಗಬೇಕು. ನಮ್ಮ ಮೆಟ್ರೋ ಮಾರ್ಗಕ್ಕೆ ಸಾಲ ಕೊಟ್ಟವರಲ್ಲಿ ಯುರೋಪಿಯನ್ ಇನ್ವೆಸ್ಟ್‌ಮೆಂಟ್ ಬ್ಯಾಂಕ್ ಒಂದು. ಬೆಂಗಳೂರಿನ ಆಲ್ ಸೇಂಟ್ಸ್ ಚರ್ಚಿನ ಜಾಗ, ಅಲ್ಲಿನ ಹಳೆಯ ಮರಗಳು ಮೆಟ್ರೋ ನಿಲ್ದಾಣಕ್ಕೆ ಹೋಗಲಿವೆ ಎಂದಾದಾಗ ಅಲ್ಲಿನವರು ಆ ಬ್ಯಾಂಕಿನ ದೂರು ವಿಭಾಗಕ್ಕೆ ಬರೆದರು, ವಿಷಯ ಅಲ್ಲಿ ವಿಚಾರಣೆಗೆ ಬಂತು. ಒಳ್ಳೆಯದಾಯಿತು. ಅದೇ ಮಾರ್ಗದಲ್ಲಿ ಪಾದಚಾರಿ ಹಾದಿಯ ಮೇಲೆ ತರಕಾರಿ ಮಾರುತ್ತಿದ್ದ ಹೆಂಗಸಿಗೆ ಲಕ್ಸೆಂಬರ್ಗ್‌ನಲ್ಲಿ ಇಂಥದೊಂದು ಕಚೇರಿ ಇದೆ, ಅಲ್ಲಿಗೆ ತಾನೂ ಬರೆಯಬಹುದು ಎಂದು ಯಾರು ಹೇಳುತ್ತಾರೆ? ಕಾಮಗಾರಿಯ ಫಲಕದಲ್ಲಿ ಗುತ್ತಿಗೆದಾರನ ಹೆಸರು, ಮೊತ್ತ, ಮುಗಿಯುವ ದಿನಾಂಕ ಇರುತ್ತವೆ. ಸಾಲ ಯಾರದು, ಅವರ ಮೇಲೆ ದೂರು ಎಲ್ಲಿಗೆ ಕೊಡಬೇಕು ಎಂಬುದನ್ನು ಅದೇ ಫಲಕದಲ್ಲಿ ಕನ್ನಡದಲ್ಲಿ ಬರೆಸಲು ಯಾವ ಹೊಸ ಚೌಕಟ್ಟೂ ಬೇಕಾಗಿಲ್ಲ. ದೂರುಪೆಟ್ಟಿಗೆಯ ಬೀಗದ ಕೈ ಗುತ್ತಿಗೆದಾರನ ಎಂಜಿನಿಯರ್ ಹತ್ತಿರವೇ ಇದ್ದರೆ ಆ ಪೆಟ್ಟಿಗೆಗೆ ಯಾವ ಹೆಣ್ಣುಮಗಳೂ ಚೀಟಿ ಹಾಕುವುದಿಲ್ಲ. ದೂರು ಕೇಳುವವರು ಯೋಜನೆಯ ಸಂಬಳದ ಹೊರಗಿನವರಾಗಿರಬೇಕು.

ಇಷ್ಟನ್ನು ಸಾಲ ಕೊಡುವ ಬ್ಯಾಂಕುಗಳಿರುವ ವಾಷಿಂಗ್ಟನ್ನಿಗೆ, ಲಕ್ಸೆಂಬರ್ಗಿಗೆ, ಮನಿಲಾಕ್ಕೆ, ಬೀಜಿಂಗಿಗೆ ಹೇಳುವಾಗ ನಮ್ಮ ಮನೆಯ ಲೆಕ್ಕವನ್ನೂ ಒಪ್ಪಿಸಬೇಕಾಗುತ್ತದೆ. 2013ರ ಭೂಸ್ವಾಧೀನ ಕಾಯ್ದೆ ಮೊದಲ ಬಾರಿಗೆ ಸಾಮಾಜಿಕ ಪರಿಣಾಮದ ಅಧ್ಯಯನವನ್ನು ಕಡ್ಡಾಯ ಮಾಡಿತು. ಜಮೀನಿಲ್ಲದ ಕೂಲಿಕಾರರು, ಗೇಣಿದಾರರು, ಕುಶಲಕರ್ಮಿಗಳನ್ನೂ ಬಾಧಿತ ಕುಟುಂಬವೆಂದು ಗುರುತಿಸಿತು. ಆ ಕಾನೂನು ಬರಲು ದೇಶದ ಹತ್ತಾರು ಮುಳುಗಡೆ ಹೋರಾಟಗಳು ಬೆವರು ಸುರಿಸಿವೆ. ಕರ್ನಾಟಕ 2019ರಲ್ಲಿ ಅದಕ್ಕೆ ತಿದ್ದುಪಡಿ ತಂದು 10ಎ ಎಂಬ ಕಲಂ ಸೇರಿಸಿತು. ಗ್ರಾಮೀಣ ಮೂಲಸೌಕರ್ಯ, ಕೈಗಾರಿಕಾ ಕಾರಿಡಾರ್, ವಸತಿ ಮುಂತಾದ ಯೋಜನೆಗಳನ್ನು ಸಾಮಾಜಿಕ ಪರಿಣಾಮದ ಅಧ್ಯಯನದಿಂದ ಹೊರಗಿಡುವ ಅಧಿಕಾರವನ್ನು ಆ ಕಲಂ ರಾಜ್ಯ ಸರ್ಕಾರಕ್ಕೆ ಕೊಡುತ್ತದೆ. ಪುನರ್ವಸತಿಯ ಗಣತಿ ಆಮೇಲೆ ನಡೆಯುತ್ತದೆ ನಿಜ. ಆದರೆ ಯೋಜನೆ ಬೇಕೇ, ಇಷ್ಟು ಜಮೀನು ಬೇಕೇ, ಯಾರ ಬದುಕು ಹೋಗುತ್ತದೆ ಎಂದು ಊರಿನವರನ್ನು ಕೂರಿಸಿ ಕೇಳುವ ಹಂತ ಅಷ್ಟರಲ್ಲಿ ದಾಟಿಹೋಗಿರುತ್ತದೆ. ವಿಶ್ವಬ್ಯಾಂಕ್ ತನ್ನ ಹೊಸ ಚೌಕಟ್ಟನ್ನು ಜಾರಿಗೆ ತಂದ ಮರುವರ್ಷವೇ ನಾವು ನಮ್ಮ ಕಾನೂನಿನ ಕಟ್ಟು ಸಡಿಲಿಸಿದೆವು. ಪಕ್ಷಭೇದವಿಲ್ಲದೆ ಬಂದ ಸರ್ಕಾರಗಳೆಲ್ಲ ಆ ಕಲಂ ಅನ್ನು ಹಾಗೇ ಉಳಿಸಿಕೊಂಡಿವೆ. ಆಲಮಟ್ಟಿಯ ಗೇಟುಗಳನ್ನು ಎತ್ತರಿಸುವ ಮೊದಲು ವಿಧಾನಮಂಡಲ ಅದನ್ನು ರದ್ದುಮಾಡಬೇಕು.